ವಿಚ್ಛೇದನಕ್ಕೆ ಮೊದಲು ಮಗುವಿನ ಒಪ್ಪಂದ

ಗಂಡ ಹೆಂಡತಿ ಬೇರೆಯಾಗುವ ಮಾತು ಬಂದರೆ ನಮ್ಮ ತುಮಕೂರು ಕಡೆ ಮೊದಲು ಸೇರುವುದು ಹಿರಿಯರ ಪಂಚಾಯ್ತಿ. ಒಡವೆ ಯಾರಿಗೆ, ಮದುವೆಗೆ ಖರ್ಚಾದದ್ದೆಷ್ಟು, ಕೊಟ್ಟ ಹಣ ವಾಪಸ್ಸು ಬರಬೇಕೇ ಎಂದು ಹೊತ್ತು ಇಳಿಯುವವರೆಗೆ ಮಾತಾಗುತ್ತದೆ. ಮಗುವಿನ ವಿಷಯ ಮಾತ್ರ ಒಂದೇ ಸಾಲಿನಲ್ಲಿ ಮುಗಿಯುತ್ತದೆ: ‘ಮಗು ತಾಯಿ ಹತ್ತಿರ ಇರತಕ್ಕದ್ದು.’ ಅದನ್ನು ಬಾಂಡ್ ಪೇಪರಿನಲ್ಲಿ ಬರೆಸಿ, ಇಬ್ಬರಿಂದಲೂ ಸಹಿ ಮಾಡಿಸಿ, ನೋಟರಿ ಮೊಹರು ಹಾಕಿಸಿ ‘ಡೈವೋರ್ಸ್ ಆಯ್ತು’ ಎಂದು ಎದ್ದುಬಿಡುತ್ತಾರೆ.

ಆಗಿರುವುದಿಲ್ಲ. ಹಿಂದೂ ವಿವಾಹ ಕಾಯ್ದೆ, 1955ರಂತೆ ಮದುವೆಯನ್ನು ಮುರಿಯುವ ಅಧಿಕಾರ ನ್ಯಾಯಾಲಯದ್ದು. ಸಮುದಾಯದ ರೂಢಿಯಲ್ಲಿ ವಿಚ್ಛೇದನವಿದ್ದರೆ 29ನೇ ಕಲಂ ಅದಕ್ಕೆ ಜಾಗ ಕೊಟ್ಟಿದೆ, ನಿಜ. ಆದರೆ ಅಂಥ ರೂಢಿ ಬಹುಕಾಲದಿಂದ ನಡೆದುಬಂದಿದೆ ಎಂದು ಸಾಕ್ಷ್ಯಸಮೇತ ರುಜುವಾತು ಮಾಡಬೇಕು. ಪಂಚಾಯ್ತಿ ಸೇರಿತ್ತು ಎಂದಷ್ಟೇ ಹೇಳಿದರೆ ಸಾಲದು. ಮದುವೆ, ವಿಚ್ಛೇದನದ ಪತ್ರ ಮಾಡಿಕೊಡುವ ಅಧಿಕಾರ ನೋಟರಿಗಳಿಗೆ ಇಲ್ಲವೆಂದು ಕೇಂದ್ರ ಕಾನೂನು ಸಚಿವಾಲಯ 2024ರಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಬಾಂಡ್ ಪೇಪರ್ ನಂಬಿ ಇನ್ನೊಂದು ಮದುವೆಯಾದರೆ ಆ ಮದುವೆ ಅಸಿಂಧು, ಮೇಲೆ ದ್ವಿಪತ್ನಿತ್ವ ಅಥವಾ ದ್ವಿಪತಿತ್ವದ ಕ್ರಿಮಿನಲ್ ಕೇಸು. ಹೊಸ ಸಂಸಾರ ಕಟ್ಟಿಕೊಂಡ ಮೇಲೆ ಈ ಸಂಗತಿ ತಿಳಿದು ಕಂಗಾಲಾಗುವವರ ಸಂಕಟಕ್ಕೆ ಸುಲಭದ ಪರಿಹಾರವಿಲ್ಲ.

ಇಬ್ಬರಿಗೂ ಒಪ್ಪಿಗೆಯಿದ್ದರೆ ಕಾನೂನಿನ ದಾರಿ ಕಷ್ಟದ್ದೇನಲ್ಲ. 13-ಬಿ ಕಲಂ ಪ್ರಕಾರ ಕನಿಷ್ಠ ಒಂದು ವರ್ಷ ಬೇರೆಯಾಗಿದ್ದವರು ಜಂಟಿ ಅರ್ಜಿ ಹಾಕಬಹುದು. ಆರು ತಿಂಗಳು ಕಳೆದು, 18 ತಿಂಗಳೊಳಗೆ ಇಬ್ಬರೂ ನ್ಯಾಯಾಧೀಶರ ಮುಂದೆ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಮಕ್ಕಳ ವಿಷಯ, ಜೀವನಾಂಶ ಎಲ್ಲ ಇತ್ಯರ್ಥವಾಗಿದ್ದು, ಕಾಯುವುದರಿಂದ ನೋವೇ ಹೆಚ್ಚು ಎನ್ನುವಂತಿದ್ದರೆ ಆರು ತಿಂಗಳ ಅವಧಿಯನ್ನು ನ್ಯಾಯಾಲಯ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಮಗುವಿನ ಒಪ್ಪಂದ ಮೊದಲೇ ಸಿದ್ಧವಿದ್ದವರಿಗೇ ಈ ರಿಯಾಯಿತಿ ಸಿಗುವುದು ಎಂಬುದನ್ನು ಗಮನಿಸಿ. ಒಪ್ಪಿಗೆಯಿಲ್ಲದಿದ್ದರೆ ಕ್ರೌರ್ಯ, ಪರಿತ್ಯಾಗ ಮೊದಲಾದ 13ನೇ ಕಲಮಿನ ಕಾರಣಗಳನ್ನು ಸಾಬೀತು ಮಾಡಬೇಕಾಗುತ್ತದೆ. ವಾಯಿದೆ ಮೇಲೆ ವಾಯಿದೆ ಬಿದ್ದು ವರ್ಷಗಳು ಉರುಳುತ್ತವೆ.

ಅರ್ಜಿ ಎಲ್ಲಿ ಹಾಕಬೇಕು? ಗುಬ್ಬಿಯಲ್ಲಿ ಮದುವೆಯಾಗಿ, ಬೆಂಗಳೂರಿನ ಪೀಣ್ಯದಲ್ಲಿ ಸಂಸಾರ ಮಾಡಿ, ಈಗ ಕುಣಿಗಲ್ಲಿನ ತವರಿನಲ್ಲಿರುವ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಮದುವೆಯಾದ ಊರು, ಇಬ್ಬರೂ ಕೊನೆಗೆ ಒಟ್ಟಿಗಿದ್ದ ಊರು, ಗಂಡನಿರುವ ಊರು, ತಾನೀಗ ವಾಸವಿರುವ ಊರು, ಇವುಗಳಲ್ಲಿ ಯಾವುದನ್ನಾದರೂ ಅವಳು ಆರಿಸಿಕೊಳ್ಳಬಹುದು. ಹೆಂಡತಿ ತಾನಿರುವ ಊರಿನಲ್ಲೇ ಅರ್ಜಿ ಹಾಕುವ ಅವಕಾಶ ಬಂದದ್ದು 2003ರ ತಿದ್ದುಪಡಿಯಿಂದ. ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ, 1890ರ ಅಡಿ ಮಗುವಿನ ಸುಪರ್ದಿ ಕೇಳುವ ಅರ್ಜಿಯಾದರೆ ಲೆಕ್ಕಕ್ಕೆ ಬರುವುದು ಮಗು ಸಾಮಾನ್ಯವಾಗಿ ವಾಸಿಸುವ ಊರು. ಈ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ತಾಲ್ಲೂಕಿನ ಕೋರ್ಟಿಗೆ ಹೋಗಬೇಕೋ ತುಮಕೂರಿನ ಕೌಟುಂಬಿಕ ನ್ಯಾಯಾಲಯಕ್ಕೋ ಎಂಬುದನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ ಖಚಿತಪಡಿಸಿಕೊಂಡೇ ಮುಂದುವರಿಯಿರಿ.

ಇನ್ನು ಮಗು ಯಾರ ಬಳಿ ಇರಬೇಕೆಂಬ ಪ್ರಶ್ನೆ. ತಂದೆಯೇ ಯಜಮಾನ, ಮಗು ಅವನದು ಎಂಬ ಮಾತಿಗೆ ಕಾನೂನಿನ ಬೆಂಬಲವಿಲ್ಲ. ತಾಯಿಗೆ ಬಿಟ್ಟು ಬೇರೆಯವರಿಗೆ ಕೊಡುವುದೇ ಇಲ್ಲ ಎಂಬುದೂ ತಪ್ಪು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. ಆಮೇಲೆ ನೋಡುವುದು ಮಗುವಿನ ಹಿತವನ್ನು: ಓದು, ಆರೋಗ್ಯ, ಇಷ್ಟು ದಿನ ಅದನ್ನು ಸಾಕಿದ ಕೈ ಯಾವುದು, ಮನೆಯ ವಾತಾವರಣ ಹೇಗಿದೆ ಎಂಬುದನ್ನು. ಸಂಬಳ ಹೆಚ್ಚು ಎಂಬ ಕಾರಣವೊಂದರಿಂದಲೇ ಸುಪರ್ದಿ ಸಿಗದು. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ನ್ಯಾಯಾಲಯ ಪರಿಗಣಿಸಬಹುದು. ಹಾಗೆಂದು ಮಗುವಿಗೆ ಬಾಯಿಪಾಠ ಮಾಡಿಸಿ ಕರೆತರಬೇಡಿ. ಹೆತ್ತವರಲ್ಲಿ ಒಬ್ಬರ ವಿರುದ್ಧ ಮಾತಾಡಿಸುವುದು ಆ ಮಗುವಿಗೆ ಮಾಡುವ ದೊಡ್ಡ ಅನ್ಯಾಯ.

2013ರಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೊಂದು ಜಂಟಿ ಸುಪರ್ದಿಯ ಆದೇಶ ಮಾಡಿತು. ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ. ಶನಿವಾರ, ಭಾನುವಾರ ಇನ್ನೊಬ್ಬರ ಭೇಟಿ. ಫೋನ್, ವಿಡಿಯೋ ಕರೆಗೆ ಅವಕಾಶ. ಕೇಂದ್ರ ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಜಂಟಿ ಸುಪರ್ದಿಯನ್ನು ಶಿಫಾರಸು ಮಾಡುವಾಗ ಈ ತೀರ್ಪನ್ನೂ ನೆನೆಯಿತು. ಆರಾರು ತಿಂಗಳ ಹಂಚಿಕೆ ಎಲ್ಲರಿಗೂ ಹೊಂದುತ್ತದೆಂದು ನನಗನಿಸುವುದಿಲ್ಲ. ಗುಬ್ಬಿಯ ಶಾಲೆಯಲ್ಲಿ ಕಲಿಯುವ ಮಗುವನ್ನು ಶೈಕ್ಷಣಿಕ ವರ್ಷದ ನಡುವೆ ಬೆಂಗಳೂರಿಗೆ ಒಯ್ದರೆ ಓದು, ಗೆಳೆಯರು ಎರಡೂ ತಪ್ಪುತ್ತವೆ. ಈ ತೀರ್ಪಿನಿಂದ ನಾವು ತೆಗೆದುಕೊಳ್ಳಬೇಕಾದದ್ದು ಎಲ್ಲವನ್ನೂ ವಿವರವಾಗಿ ಬರೆದ ಅದರ ಬಗೆಯನ್ನು.

‘ತಂದೆ ಆಗಾಗ ಬಂದು ನೋಡಬಹುದು’ ಎಂದು ಬರೆದ ಒಪ್ಪಂದ ಮೂರನೇ ತಿಂಗಳಿಗೇ ಜಗಳವಾಗುತ್ತದೆ. ಯಾವ ವಾರ, ಯಾವ ದಿನ, ಎಷ್ಟು ಗಂಟೆಗೆ ಎಂದು ಬರೆಯಿರಿ. ಕುಣಿಗಲ್ಲಿನಿಂದ ತುಮಕೂರಿಗೆ ಮಗುವನ್ನು ಬಸ್ಸಿನಲ್ಲಿ ಕರೆದುಕೊಂಡು ಬರುವವರು ಯಾರು, ವಾಪಸ್ಸು ಬಿಡುವವರು ಯಾರು? ಕೈಬದಲಾಗುವುದು ಅಜ್ಜಿ ಮನೆಯಲ್ಲೋ, ಶಾಲೆಯ ಗೇಟಿನಲ್ಲೋ? ದಸರಾ ರಜೆ, ಬೇಸಿಗೆ ರಜೆ ಹೇಗೆ ಹಂಚಿಕೆ? ಗುಬ್ಬಿಯ ಚನ್ನಬಸವೇಶ್ವರ ಜಾತ್ರೆಗೆ ಮಗು ತಂದೆಯ ಕಡೆಯವರೊಂದಿಗೆ ಹೋದರೆ, ಎಡೆಯೂರಿನ ತೇರಿಗೆ ತಾಯಿಯ ಕಡೆಯವರೊಂದಿಗೆ ಹೋಗಲಿ. ಇದು ಸಣ್ಣ ವಿಷಯವಲ್ಲ. ಅಜ್ಜ ಅಜ್ಜಿ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಮಗುವಿಗೆ ಸೇರಿದವರು. ಶಾಲೆಯ ಪೋಷಕರ ಸಭೆಗೆ ಇಬ್ಬರಿಗೂ ಕರೆ ಬರಬೇಕು. ಜ್ವರ ಬಂದು ಆಸ್ಪತ್ರೆಗೆ ಸೇರಿಸಿದರೆ ಆಗಲೇ ಇನ್ನೊಬ್ಬರಿಗೆ ತಿಳಿಸಬೇಕು. ಫೀಸು, ಪುಸ್ತಕ, ಔಷಧಿಯ ಖರ್ಚಿನಲ್ಲಿ ಯಾರ ಪಾಲೆಷ್ಟು, ಊರು ಅಥವಾ ಶಾಲೆ ಬದಲಿಸುವುದಾದರೆ ಎಷ್ಟು ದಿನ ಮೊದಲು ಹೇಳಬೇಕು ಎಂಬುದೂ ಕಾಗದದಲ್ಲಿರಲಿ. ತುಮಕೂರು ನ್ಯಾಯಾಲಯದ ಮಧ್ಯಸ್ಥಿಕೆ ಕೇಂದ್ರದಲ್ಲಿ ಕೂತು ಇದನ್ನೆಲ್ಲ ಬರೆದುಕೊಳ್ಳಬಹುದು. ಅಲ್ಲಿ ಆಡಿದ ಮಾತು ಗೋಪ್ಯವಾಗಿರುತ್ತದೆ. ಒಪ್ಪಂದ ನ್ಯಾಯಾಲಯದ ಆದೇಶದ ಭಾಗವಾದರೆ ಮಾತ್ರ ಮುರಿದವರ ವಿರುದ್ಧ ಜಾರಿ ಅರ್ಜಿ ಹಾಕಲು ಬರುತ್ತದೆ.

ದುಡ್ಡನ್ನೂ ಭೇಟಿಯನ್ನೂ ಗಂಟುಹಾಕಬೇಡಿ. ‘ಮಗು ತೋರಿಸಿದರೆ ಹಣ’ ಎನ್ನುವ ತಂದೆ, ‘ಹಣ ಕೊಟ್ಟರೆ ಮಗು’ ಎನ್ನುವ ತಾಯಿ, ಇಬ್ಬರೂ ಮಗುವನ್ನು ಒತ್ತೆಯಿಡುತ್ತಾರೆ. ಮಗುವಿನ ಜೀವನಾಂಶ ಮಗುವಿನ ಹಕ್ಕು. ‘ನನಗೇನೂ ಬೇಡ’ ಎಂದು ತಾಯಿ ಬರೆದುಕೊಟ್ಟರೂ ಆ ಹಕ್ಕು ಹೋಗುವುದಿಲ್ಲ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ 125ರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ಯಾವ ಧರ್ಮದವರೇ ಆಗಲಿ ಅದರಡಿ ಜೀವನಾಂಶ ಕೇಳಬಹುದು. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕವಾಗಬೇಕು ಎಂದು ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದೆ.

ಹೊಡೆತ, ಬೆದರಿಕೆ ಇರುವ ಮನೆಗೆ ಈ ಹೊಂದಾಣಿಕೆಯ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶದ ಜೊತೆಗೆ ಮಗುವಿನ ತಾತ್ಕಾಲಿಕ ಸುಪರ್ದಿಯನ್ನೂ ಕೊಡಬಹುದು, ಅಪಾಯ ಕಂಡರೆ ಭೇಟಿಯನ್ನು ನಿರಾಕರಿಸಲೂಬಹುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ ಈ ಕಾಯ್ದೆಯ ರಕ್ಷಣಾಧಿಕಾರಿ. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿ ಇವೆ.

ಲೋಕ ಅದಾಲತ್‌ನಲ್ಲಿ ಮತ್ತೆ ಒಂದಾದ ದಂಪತಿ ಹಾರ ಬದಲಿಸಿಕೊಳ್ಳುವ ಚಿತ್ರ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಮನಸ್ಸಿನಿಂದ ಒಂದಾದರೆ ಅದಕ್ಕಿಂತ ಸಂತೋಷವೇನಿದೆ? ಆದರೆ ಒತ್ತಾಯಕ್ಕೆ ತಲೆಬಾಗಬೇಕಿಲ್ಲ. ಬೇಡವೆನ್ನಲು ನಿಮಗೆ ಹಕ್ಕಿದೆ. ವಿಚ್ಛೇದನ ಕೊಡುವ ಅಧಿಕಾರ ಲೋಕ ಅದಾಲತ್‌ಗೆ ಇಲ್ಲ. ಜೀವನಾಂಶದಂಥ ವಿಷಯ ಅಲ್ಲಿ ರಾಜಿಯಾದರೆ ಅದರ ಮೇಲೆ ಮೇಲ್ಮನವಿಯೂ ಇಲ್ಲ. ಆದ್ದರಿಂದ ಓದಿಸಿ ಕೇಳಿ, ಆಮೇಲೆ ಸಹಿ ಮಾಡಿ.

ವಕೀಲರ ಫೀಸಿಗೆ ಹೆದರಿ ಸುಮ್ಮನಿರುವ ಹೆಣ್ಣುಮಕ್ಕಳು ತಿಳಿಯಬೇಕಾದದ್ದು: ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ತುಮಕೂರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಗುಬ್ಬಿ, ಕುಣಿಗಲ್ಲಿನಲ್ಲಿ ತಾಲ್ಲೂಕು ಸಮಿತಿ, ಫೋನಿನಲ್ಲಾದರೆ 15100. ಹೋಗುವಾಗ ಮದುವೆಯ ದಾಖಲೆ, ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಖರ್ಚಿನ ರಸೀದಿ ಜೊತೆಗಿರಲಿ. ಬಾಂಡ್ ಪೇಪರ್ ಬರೆಸಿದ್ದರೆ ಅದನ್ನೂ ಮುಚ್ಚಿಡದೆ ತೋರಿಸಿ.

ಸುಪರ್ದಿಯ ಆದೇಶ ಎಂದೆಂದಿಗೂ ಬದಲಾಗದ ತೀರ್ಪಲ್ಲ. ಒಂದನೇ ತರಗತಿಯ ಮಗುವಿಗೆ ಬರೆದ ಏರ್ಪಾಡು ಎಸ್ಸೆಸ್ಸೆಲ್ಸಿ ವರ್ಷಕ್ಕೆ ಹೊಂದದೆ ಹೋಗಬಹುದು, ಹೆತ್ತವರಲ್ಲಿ ಒಬ್ಬರಿಗೆ ಕೆಲಸ ಬೇರೆ ಊರಿಗೆ ಬದಲಾಗಬಹುದು. ಆಗ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅಡಿ ಅರ್ಜಿ ಹಾಕಿ ಏರ್ಪಾಡನ್ನು ಮಾರ್ಪಡಿಸಿಕೊಳ್ಳಬಹುದು. ವಿಚ್ಛೇದನದ ಡಿಕ್ರಿಯಾಗಿ ಎಷ್ಟೋ ವರ್ಷ ಕಳೆದಿದ್ದರೂ ಅದಕ್ಕೆ ಅಡ್ಡಿಯಿಲ್ಲ.