ಕಾರ್ಡ್ ಉಜ್ಜಿದ ಮೇಲೆ ಹಣ ಎಲ್ಲಿಗೆ ಹೋಗುತ್ತದೆ?

ಕಳೆದ ರಜೆಯಲ್ಲಿ ಉಮ್ಮನ ಜೊತೆ ಬಿ.ಸಿ. ರೋಡಿನ ಒಂದು ಮೆಡಿಕಲ್‌ಗೆ ಹೋಗಿದ್ದೆ. ಬಿಲ್ 1,240 ರೂಪಾಯಿ. ಉಮ್ಮ ಡೆಬಿಟ್ ಕಾರ್ಡ್ ಕೊಟ್ಟರು, ಯಾವಾಗಲೂ ಮಾಡುವಂತೆ ಪಿನ್ ನಾನೇ ಒತ್ತಿದೆ. ಯಂತ್ರದ ಚೀಟಿಯಲ್ಲಿ ಪಾವತಿ ವಿಫಲ ಎಂದು ಬಂತು. ಆದರೆ ಮೊಬೈಲಿಗೆ ಹಣ ಕಡಿತವಾದ ಮೆಸೇಜೂ ಬಂತು! ಅಂಗಡಿಯವರು, "ನಮಗೆ ಬಂದಿಲ್ಲ ಮಗಾ, ಈ ಚೀಟಿ ಇಟ್ಟುಕೋ" ಎಂದರು. ಅದು ಉಪ್ಪ ಗಲ್ಫ್‌ನಲ್ಲಿ ದುಡಿದು ಕಳಿಸಿದ ಹಣ. ಮೆಲ್ಕಾರ್ ತಲುಪುವವರೆಗೆ ಉಮ್ಮ ಮಾತನಾಡಲಿಲ್ಲ. ಕಾಮರ್ಸ್ ಓದುವ ನನ್ನಲ್ಲೂ ಉತ್ತರವಿರಲಿಲ್ಲ.

ಕಾಲೇಜು ಶುರುವಾದ ದಿನವೇ ನಮ್ಮ ಉಪನ್ಯಾಸಕರಲ್ಲಿ ಕೇಳಿದೆ. ಅವರು ಬೋರ್ಡಿನ ಮೇಲೆ ನಾಲ್ಕು ಮನೆ ಬರೆದರು: ಅಂಗಡಿಯ ಯಂತ್ರ, ಅಂಗಡಿಯವರ ಬ್ಯಾಂಕ್, ನಡುವಿನ ಜಾಲ, ನಮ್ಮ ಬ್ಯಾಂಕ್. ಜಾಲವೆಂದರೆ ರುಪೇ, ವೀಸಾ, ಮಾಸ್ಟರ್‌ಕಾರ್ಡ್‌ನಂಥವು. ಇವುಗಳಲ್ಲಿ ರುಪೇ ನಮ್ಮ ದೇಶದ್ದು, 2012ರಲ್ಲಿ ಆರಂಭವಾಯಿತು. ಯಂತ್ರದ ಪ್ರಶ್ನೆ ಈ ದಾರಿಯಲ್ಲೇ ನಮ್ಮ ಬ್ಯಾಂಕಿಗೆ ಹೋಗುತ್ತದೆ. ಪಿನ್ ಸರಿಯೇ, ಖಾತೆಯಲ್ಲಿ ಹಣವಿದೆಯೇ ಎಂದು ನೋಡಿ ಬ್ಯಾಂಕ್ ಮೊತ್ತವನ್ನು ಕಳೆಯುತ್ತದೆ. ಉತ್ತರ ಅದೇ ದಾರಿಯಲ್ಲಿ ಹಿಂದೆ ಬರುತ್ತದೆ. ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ. ಬ್ಯಾಂಕುಗಳ ನಡುವೆ ಹಣದ ಲೆಕ್ಕ ತೀರುವುದು ಮಾತ್ರ ಆಮೇಲೆ.

1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಬ್ಯಾಂಕ್ ಕಟ್ಟಿದ ಕಾಲದಲ್ಲಿ ಜನ ಕೌಂಟರಿಗೆ ಹೋಗಬೇಕಿತ್ತು. ಇಂದು ಕೌಂಟರೇ ಅಂಗಡಿಗೆ ಬಂದಿದೆ. ಆದರೆ ಹಿಂದೆ ಬರುವ ಉತ್ತರ ದಾರಿಯಲ್ಲಿ ತಪ್ಪಿಹೋದರೆ ನಮ್ಮ ಖಾತೆಯಲ್ಲಿ ಹಣ ಕಡಿತವಾಗಿರುತ್ತದೆ, ಅಂಗಡಿಗೆ ತಲುಪಿರುವುದಿಲ್ಲ. ನಮಗಾದದ್ದು ಇದೇ.

ಇದಕ್ಕೆ ರಿಸರ್ವ್ ಬ್ಯಾಂಕಿನ 2019ರ ನಿಯಮವಿದೆ. ಇಂಥ ಹಣ 5 ದಿನಗಳೊಳಗೆ ತಾನಾಗಿಯೇ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಉಮ್ಮನ ಹಣ ಮೂರನೇ ದಿನ ಮರಳಿತು.

ಉಪನ್ಯಾಸಕರು ಆಮೇಲೆ ಕೇಳಿದರು: "ಪಿನ್ ಒತ್ತಿದ್ದು ಯಾರು?" ನಾನು ತಲೆ ತಗ್ಗಿಸಿದೆ. ನಮ್ಮ ತಪ್ಪಿಲ್ಲದೆ ಹೊರಗಿನವರು ಹಣ ಕದ್ದರೆ, 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದವರಿಗೆ ನಷ್ಟವಿಲ್ಲ ಎಂದು 2017ರ ನಿಯಮ ಹೇಳುತ್ತದೆ. ಪಿನ್, ಒಟಿಪಿ ಬೇರೆಯವರಿಗೆ ಕೊಟ್ಟು ಮೋಸಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ.

ಗೆಳತಿಯರೇ, ಇಷ್ಟು ನೆನಪಿಡಿ. ಪಾವತಿ ವಿಫಲವಾದರೆ ಚೀಟಿ ಇಟ್ಟುಕೊಳ್ಳಿ, ಮೆಸೇಜ್ ಅಳಿಸಬೇಡಿ. ಮತ್ತೆ ಉಜ್ಜುವ ಮೊದಲು ಖಾತೆ ನೋಡಿ. ಯಂತ್ರಕ್ಕೆ ತಾಗಿಸುವ ಕಾರ್ಡಿನಲ್ಲಿ 5,000 ರೂಪಾಯಿವರೆಗೆ ಪಿನ್ ಇಲ್ಲದೆಯೂ ಪಾವತಿಯಾಗುತ್ತದೆ, ಬೇಡವಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ಆ ಸೌಲಭ್ಯ ನಿಲ್ಲಿಸಿ. ಕಾರ್ಡ್ ಕಳೆದರೆ ತಕ್ಷಣ ಬ್ಲಾಕ್ ಮಾಡಿಸಿ. ಮೋಸವಾದರೆ 1930ಕ್ಕೆ ಕರೆ ಮಾಡಿ.

ಆ ಸಂಜೆಯೇ ಉಮ್ಮನನ್ನು ಎಟಿಎಂಗೆ ಕರೆದೊಯ್ದು ಪಿನ್ ಬದಲಿಸಿದೆವು. ಅವರು ಅಂಕಿಗಳನ್ನು ಒತ್ತುವಾಗ ನಾನು ಹೊರಗೆ ನಿಂತಿದ್ದೆ. ಎರಡು ಸಲ ತಪ್ಪಿತು. ಮೂರನೇ ಸಲ ನಗುತ್ತಾ ಹೊರಬಂದರು. ಆ ಪಿನ್ ಏನೆಂದು ಇಂದಿಗೂ ನನಗೆ ಗೊತ್ತಿಲ್ಲ.