ಮೇಷ್ಟ್ರು ಕಲಿತ ತೃಪ್ತಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಈ ನಾಲ್ಕೂ ತಾಲ್ಲೂಕುಗಳಿಗೆ ವರ್ಗವಾಗುತ್ತಾ ಗಣಿತ ಕಲಿಸಿದ ಮೇಷ್ಟ್ರೊಬ್ಬರಿಗೆ ನಿವೃತ್ತಿಯ ಹೊತ್ತಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಅವರು ಕ್ರೈಸ್ತರು. ತುಮಕೂರು ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ; ಹಾಗಾಗಿ ಅವರನ್ನು ನೋಡಲು ಬಂದವರೆಲ್ಲ ಹೆಚ್ಚುಕಡಿಮೆ ಬೇರೆ ಧರ್ಮದವರೇ. ಮೇಷ್ಟ್ರ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಕೂತು ದುಡಿದ ನಾನೂ ಅವರಲ್ಲೊಬ್ಬ.

ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಒಂದು ಕಥೆ ಮೇಷ್ಟ್ರಿಗೆ ಬಲು ಇಷ್ಟ. ಬೆಳೆ ಹುಲುಸಾಗಿ ಬಂದಾಗ ಶ್ರೀಮಂತನೊಬ್ಬ ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟುವ ಲೆಕ್ಕ ಹಾಕುತ್ತಾನೆ. ಅದೇ ರಾತ್ರಿ ಅವನ ಪ್ರಾಣ ಹೋಗುತ್ತದೆ. ಕೂಡಿಡುವುದೇ ಪಾಪ ಎಂದು ಇದನ್ನು ಈ ಸೀಮೆಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ನೆಲದೊಳಗೆ ಹಗೇವು ತೋಡಿ ವರ್ಷಗಟ್ಟಲೆ ರಾಗಿ ಕಾಪಾಡಿಕೊಂಡ ಜನ ಇವರು. ಬರ ಎಂದರೇನೆಂದು ಅವರಿಗೆ ಗೊತ್ತು: 1876–78ರ ಧಾತು–ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ಎಷ್ಟು ಜನರನ್ನು ಕಳೆದುಕೊಂಡಿತೆಂದರೆ, 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು.  ಹಾಗಾಗಿ ಮೇಷ್ಟ್ರು ಆ ಶ್ರೀಮಂತನ ಕಥೆಯನ್ನು ಬೇರೆ ಕಡೆಯಿಂದ ಹಿಡಿಯುತ್ತಿದ್ದರು: "ಅವನು ಮಾತಾಡೋದೆಲ್ಲ ತನ್ನ ಜೊತೆಗೇ ನೋಡಿ. ಆ ಲೆಕ್ಕದಲ್ಲಿ ಇನ್ನೊಬ್ಬರ ಹೆಸರೇ ಇಲ್ಲ."

ಕಾಯಿಲೆ ತಿಳಿದ ದಿನ ಅವರು ಶಾಂತರಾಗಿರಲಿಲ್ಲ. ಅತ್ತರು, ಊಟ ಬಿಟ್ಟರು, ಹೆಂಡತಿಯ ಮೇಲೆ ರೇಗಿದರು. ನಂಬಿಕೆಯುಳ್ಳವರು ಅಳಬಾರದು ಎಂದು ಬಂದವರೊಬ್ಬರು ಬುದ್ಧಿ ಹೇಳಿದಾಗ ನನಗೆ ಸಂಕಟವಾಯಿತು. ಬೈಬಲ್ಲೇ ಹಾಗೆ ಹೇಳುವುದಿಲ್ಲ. ಸಾಯುವೆ ಎಂಬ ಸುದ್ದಿ ಕೇಳಿದ ಅರಸ ಹಿಜ್ಕೀಯ ಗೋಡೆಯ ಕಡೆ ಮುಖ ತಿರುಗಿಸಿ ಅತ್ತ. ಈ ಪಾತ್ರೆ ತನ್ನಿಂದ ತೊಲಗಲಿ ಎಂದು ಯೇಸು ಗೆತ್ಸೇಮನೆಯಲ್ಲಿ ಬೇಡಿಕೊಂಡ. ಅತ್ತವರಿಗೂ ತೃಪ್ತಿ ದಕ್ಕುತ್ತದೆ ಎಂಬುದನ್ನು ನಾನು ಕಂಡದ್ದು ಆ ಮನೆಯಲ್ಲಿ.

ಆದರೆ ಅದು ಒಂದೇ ದಿನದಲ್ಲಿ ದಕ್ಕಲಿಲ್ಲ. ಪೌಲ ಸೆರೆಯಲ್ಲಿದ್ದಾಗ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ, ಇದ್ದ ಸ್ಥಿತಿಯಲ್ಲೇ ತೃಪ್ತನಾಗಿರುವುದನ್ನು ತಾನು ಕಲಿತುಕೊಂಡೆ ಎನ್ನುತ್ತಾನೆ. ಜೀವನವಿಡೀ ಕಲಿಸಿದ ಮೇಷ್ಟ್ರಿಗೆ ಆ ಪತ್ರ ಹಿಡಿಸಿತು. ಕಲಿಯುವುದಾದರೆ ದಿನಾ ಅಭ್ಯಾಸ ಬೇಕು. ಬೆಳಿಗ್ಗೆ ಒಂದು ಕೀರ್ತನೆ, ಆಮೇಲೆ ಅವತ್ತು ಮಾಡಬಹುದಾದ ಒಂದು ಕೆಲಸ. ನೋವು ಕಡಿಮೆಯಿದ್ದ ಸಂಜೆ ಎಸ್‌ಎಸ್‌ಎಲ್‌ಸಿ ಮಕ್ಕಳು ಜಗುಲಿಗೆ ಬಂದು ಲೆಕ್ಕ ಹೇಳಿಸಿಕೊಳ್ಳುತ್ತಿದ್ದರು.

ಪಾಠ ಅರ್ಧಕ್ಕೇ ನಿಂತರೆ ಎಂಬ ಕೊರಗು ಅವರಿಗಿತ್ತು. ಅಂಥ ಹೊತ್ತಿನಲ್ಲಿ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆಯನ್ನು ನೆನೆಯುತ್ತಿದ್ದರು. ಕನ್ನಡ ಬೈಬಲಿನ ಪರಿಷ್ಕರಣೆಗೆ ದುಡಿದ ವೈಗ್ಲೆ 1855ರಲ್ಲಿ, 40 ತುಂಬುವ ಮೊದಲೇ ತೀರಿಕೊಂಡರು. ಕೆಲಸವನ್ನು ಬೇರೆಯವರು ಮುಂದುವರಿಸಿದರು.

ದೇವರಿದ್ದಾನೆಂದು ಮೇಷ್ಟ್ರು ಔಷಧಿ ಬಿಡಲಿಲ್ಲ. ನಂಬಿಕೆಯ ಹೆಸರಿನಲ್ಲಿ ಚಿಕಿತ್ಸೆ ತಪ್ಪಿಸುವವರನ್ನು ಕಂಡರೆ ನೇರವಾಗಿಯೇ ಗದರುತ್ತಿದ್ದರು. ಮಧುಗಿರಿಯಿಂದ ಬಸ್ ಹತ್ತಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವಾಗ ಕೈಯಲ್ಲೊಂದು ಖಾಕಿ ಲಕೋಟೆ. ಅದರ ಮೇಲೆ ಕಪ್ಪು ಹಲಗೆಯ ಅಕ್ಷರದಷ್ಟೇ ದುಂಡಗೆ ಪಟ್ಟಿ: ಆಧಾರ್, ಬಿಪಿಎಲ್ ಕಾರ್ಡ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ಪ್ರತಿಯೊಂದಕ್ಕೂ ಜೆರಾಕ್ಸ್. ಅದು ಅವರದಲ್ಲ, ಪಾವಗಡದ ಕಡೆಯ ಕೂಲಿಯವರೊಬ್ಬರದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಆದರೆ ಚೀಟಿ ಇಲ್ಲದೆ ಹೋದವರು ಮತ್ತೆ ಊರಿಗೆ ಅಲೆಯಬೇಕು. ಆ ಅಲೆದಾಟವನ್ನು ಕಣ್ಣಾರೆ ಕಂಡಿದ್ದ ಮೇಷ್ಟ್ರು ಕೈಗೆ ಶಕ್ತಿ ಇರುವವರೆಗೂ ಕಂಡಕಂಡವರಿಗೆ ಲಕೋಟೆ ಸಿದ್ಧಮಾಡಿ ಕೊಟ್ಟರು. ಈಗ ಅವರ ಹಳೆಯ ವಿದ್ಯಾರ್ಥಿಗಳು ಅದೇ ಪಟ್ಟಿ ಹಿಡಿದು ಜನರಿಗೆ ಕಾಗದಪತ್ರ ಹೊಂದಿಸಿಕೊಡುತ್ತಿದ್ದಾರೆ.