ನಿನ್ನೆವರೆಗೆ ಚೆನ್ನಾಗಿತ್ತು

ಸೋದರಿ, ನಿಮ್ಮ ಗಿನಿಪಿಗ್ ಕಾಯಿಲೆ ಬಿದ್ದದ್ದಕ್ಕೆ ‘ನಿನ್ನೆವರೆಗೆ ಚೆನ್ನಾಗಿತ್ತು, ನಾನೇ ಗಮನಿಸಲಿಲ್ಲ’ ಎಂದು ಕೊರಗಬೇಡಿ. ಬೇಟೆಗೆ ಬಲಿಯಾಗುವ ಜೀವಿಗಳು ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತವೆ. ಗಿನಿಪಿಗ್ ಕೂಡ ಹಾಗೆಯೇ. ಆದರೆ ಇನ್ನು ಕಾಯಬೇಡಿ. ಅದು 12 ಗಂಟೆ ಹುಲ್ಲು ಮುಟ್ಟದಿದ್ದರೆ, ಹಿಕ್ಕೆ ನಿಂತರೆ, ಕರುಳಿನ ಚಲನೆಯೇ ಸ್ತಬ್ಧವಾಗಬಹುದು. ಇಂದೇ, ಸಣ್ಣ ಪ್ರಾಣಿಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಿ. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಮಾತ್ರ ಖಂಡಿತ ಕೊಡಬೇಡಿ. ನಮಗೆ ಮದ್ದಾದದ್ದು ಅದರ ಜೀವ ತೆಗೆಯಬಹುದು. ಪೆಟ್ಟಿಗೆಯಲ್ಲಿ ಹಳೆಯ ಟವೆಲ್ ಹಾಸಿ, ಅದನ್ನು ಬೆಚ್ಚಗೆ ಒಯ್ಯಿರಿ. ಸಿರಿಂಜಿನಲ್ಲಿ ಏನು, ಎಷ್ಟು ತಿನ್ನಿಸಬೇಕೆಂದು ವೈದ್ಯರಿಂದಲೇ ಕಲಿಯಿರಿ. ಹೊಟ್ಟೆ ಉಬ್ಬಿದ್ದರೆ ಬಲವಂತದ ಊಟವೇ ಅಪಾಯ.

ನಿಮ್ಮ ಮಗಳಿಗೆ ‘ಏನೂ ಆಗಿಲ್ಲ’ ಎನ್ನಬೇಡಿ. ಅವಳೂ ಜೊತೆಗೆ ಬರಲಿ, ಮೆಲ್ಲಗೆ ಅದರ ಮೈ ಸವರಲಿ. ಅದು ಉಳಿಯದೇ ಹೋದರೆ ಅವಳನ್ನು ಅಳಲು ಬಿಡಿ, ನೀವೂ ಅತ್ತುಬಿಡಿ.